ಚಿಪ್ ಮೇಲೆ ಕಾಂತೀಯ ಮಣಿಗಳನ್ನು ನಡೆಸುವುದು ಹೇಗೆ: ಕರೆಂಟ್ ಏರಿಸುವ ಮುನ್ನ ಮುಗಿಸಬೇಕಾದ ಒಂಬತ್ತು ಹಂತಗಳು

ಸಣ್ಣ ತಂತಿಗಳಿರುವ ಸಿಲಿಕಾನ್ ಚಿಪ್ ಸಿದ್ಧವಾಗಿದೆ, ಅದರ ಮೇಲಿನ ನೀರಿಗೆ ಕಾಂತೀಯ ಮಣಿಗಳನ್ನು ಬಿಟ್ಟಾಗಿದೆ, ತಂತಿಯಲ್ಲಿ ವಿದ್ಯುತ್ ಹರಿಯುತ್ತಿದೆ, ಆದರೆ ಮಣಿ ಅಲುಗುವುದಿಲ್ಲ. ಆಗ ಎಲ್ಲರ ಕೈಯೂ ಕರೆಂಟ್ ಏರಿಸುವ ಗುಂಡಿಗೇ ಹೋಗುತ್ತದೆ. 50 ಮಿಲಿಆಂಪಿಯರ್ 100 ಆಗುತ್ತದೆ, 100 ಇನ್ನೂರಾಗುತ್ತದೆ, ಕೊನೆಗೆ ತಂತಿಯ ನಡುವೆ ಒಂದು ಕಪ್ಪು ಚುಕ್ಕೆ. ಮೂರು ವಾರದ ಕೆಲಸ ಹೋಯಿತು. ನನ್ನ ಮೊದಲ ಎರಡು ಚಿಪ್‌ಗಳು ಸತ್ತಿದ್ದು ಹೀಗೆಯೇ. ನನ್ನ ಬಳಿ ಕೇಳಿಕೊಂಡು ಬರುವವರ ಚಿಪ್‌ಗಳೂ ಹೆಚ್ಚಾಗಿ ಹೀಗೆಯೇ ಸತ್ತಿರುತ್ತವೆ.

ಮಣಿ ಕದಲದಿರುವುದಕ್ಕೆ ಕರೆಂಟ್ ಕಡಿಮೆಯಾಗಿರುವುದು ಕಾರಣವಾಗಿರುವುದು ತೀರ ಅಪರೂಪ. ಒಂದೋ ಮಣಿ ಮೇಲ್ಮೈಗೆ ಅಂಟಿರುತ್ತದೆ, ಇಲ್ಲವೇ ಹೊರಗಿನಿಂದ ಕೊಡಬೇಕಾದ ಹಿನ್ನೆಲೆ ಕಾಂತಕ್ಷೇತ್ರವೇ ಇರುವುದಿಲ್ಲ, ಅಥವಾ ತಂತಿಗಳಿಗೆ ಕರೆಂಟ್ ಕೊಡುವ ಸರದಿ ತಪ್ಪಿರುತ್ತದೆ. ಈ ಮೂರನ್ನು ಸರಿಪಡಿಸದೆ ಕರೆಂಟ್ ಏರಿಸಿದರೆ ಮಣಿ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಿ. ಯಾವುದನ್ನೂ ಹಾರಿಸಬೇಡಿ.

ಇಲ್ಲಿ ಕಟ್ಟುತ್ತಿರುವುದು ಸರಳವಾದ ಒಂದು ಸಾಗಣೆ ಪಟ್ಟಿ. ಸಿಲಿಕಾನ್ ಮೇಲೆ ಹಾವಿನಂತೆ ಸುತ್ತುವ ಎರಡು ಚಿನ್ನದ ತಂತಿಗಳು, ಅವುಗಳ ಮೇಲೆ ನಿರೋಧಕ ಪದರ, ಅದರ ಮೇಲೆ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಎತ್ತರದ ನೀರಿನ ಕಾಲುವೆ, ನೀರಿನಲ್ಲಿ 2.8 ಮೈಕ್ರಾನ್ ವ್ಯಾಸದ ಮಣಿಗಳು. ತಂತಿಗಳಿಗೆ ಸರದಿಯ ಮೇಲೆ ವಿದ್ಯುತ್ ಕೊಟ್ಟರೆ ಮಣಿ ಒಂದೊಂದೇ ಹೆಜ್ಜೆ ಮುಂದಕ್ಕೆ ನಡೆಯುತ್ತದೆ. ಸರದಿ ತಿರುಗಿಸಿದರೆ ಹಿಂದಕ್ಕೆ ಬರುತ್ತದೆ.

## ಬೇಕಾಗುವ ಸಾಮಾನು

ಮಣಿಗಳು: ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಬಗೆಯವೇ ಆಗಬೇಕು. ಇವು ಪಾಲಿಸ್ಟೈರೀನ್ ಗೋಲಿಗಳು, ಒಳಗೆ ಕೆಲವೇ ನ್ಯಾನೋಮೀಟರ್ ಗಾತ್ರದ ಐರನ್ ಆಕ್ಸೈಡ್ ಹರಳುಗಳಿರುತ್ತವೆ. ಕ್ಷೇತ್ರ ಇರುವಷ್ಟು ಹೊತ್ತು ಇವು ಅಯಸ್ಕಾಂತ, ಕ್ಷೇತ್ರ ತೆಗೆದರೆ ಬರಿಯ ಗೋಲಿ. ನಾನು ಇಲ್ಲಿ ಕೊಡುವ ಲೆಕ್ಕಗಳೆಲ್ಲ ಡೈನಾಬೀಡ್ಸ್ ಎಂ-280 ಮಣಿಗಳಿಗೆ ಹೊಂದುವಂಥವು.

ಸೂಕ್ಷ್ಮದರ್ಶಕ: ಇಲ್ಲಿ ಬಹಳ ಜನ ಎಡವುತ್ತಾರೆ. ಸಿಲಿಕಾನ್ ಮೂಲಕ ಬೆಳಕು ಹಾಯುವುದಿಲ್ಲ. ಜೀವಶಾಸ್ತ್ರ ವಿಭಾಗದ ತಲೆಕೆಳಗಾದ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಾಣುವುದು ಕತ್ತಲೆ ಮಾತ್ರ. ಮೇಲಿನಿಂದ ಬೆಳಕು ಬಿಟ್ಟು ಮೇಲಿನಿಂದಲೇ ನೋಡುವ, ಲೋಹದ ಮಾದರಿ ನೋಡಲು ಬಳಸುವ ಸೂಕ್ಷ್ಮದರ್ಶಕ ಬೇಕು. ಜೊತೆಗೆ ವಸ್ತುವಿನಿಂದ ದೂರ ನಿಂತು ನೋಡಬಲ್ಲ 20 ಪಟ್ಟಿನ ಮಸೂರ ಮತ್ತು ಕ್ಯಾಮೆರಾ.

ಉಳಿದದ್ದು: ಎರಡು ದಿಕ್ಕಿಗೂ ಕರೆಂಟ್ ಹರಿಸಬಲ್ಲ ಎರಡು ಎಚ್-ಬ್ರಿಡ್ಜ್ ಡ್ರೈವರ್‌ಗಳು, ಅವುಗಳ ಸರದಿ ನಡೆಸಲು ಒಂದು ಆರ್ಡುಯಿನೋ ಬೋರ್ಡ್, ಮಲ್ಟಿಮೀಟರ್, ಕಾಂತಕ್ಷೇತ್ರ ಅಳೆಯುವ ಹಾಲ್ ಪ್ರೋಬ್, ಏಕರೂಪದ ಕಾಂತಕ್ಷೇತ್ರ ಕೊಡುವ ಒಂದು ಜೊತೆ ಹೆಲ್ಮ್‌ಹೋಲ್ಟ್ಸ್ ಸುರುಳಿ, ಮಣಿ ತೊಳೆಯಲು ಕಾಂತದ ಸ್ಟ್ಯಾಂಡ್, ಸೋಪಿನಂಥ ಟ್ವೀನ್-20, ಮತ್ತು ಲ್ಯಾಬ್‌ನಲ್ಲಿ ಎಲ್ಲರೂ ಬಿಎಸ್‌ಎ ಎಂದು ಕರೆಯುವ ಹಸುವಿನ ಆಲ್ಬುಮಿನ್ ಎಂಬ ಪ್ರೋಟೀನ್.

## ಮೊದಲು ಐದು ನಿಮಿಷದ ಲೆಕ್ಕ

ಈ ಗಾತ್ರದಲ್ಲಿ ಯಾವ ಬಲ ದೊಡ್ಡದು, ಯಾವುದು ಚಿಕ್ಕದು ಎಂದು ಗೊತ್ತಿಲ್ಲದೆ ಕೆಲಸಕ್ಕೆ ಇಳಿಯಬಾರದು.

ನೀರಿನಲ್ಲಿ ಎಂ-280 ಮಣಿಯ ನಿವ್ವಳ ತೂಕ ಸುಮಾರು 0.045 ಪಿಕೋನ್ಯೂಟನ್ (ಒಂದು ಪಿಕೋನ್ಯೂಟನ್ ಎಂದರೆ ನ್ಯೂಟನ್ನಿನ ಲಕ್ಷ ಕೋಟಿಯ ಒಂದು ಭಾಗ). ಅದು ಸೆಕೆಂಡಿಗೆ ಒಂದೂವರೆಯಿಂದ ಎರಡು ಮೈಕ್ರಾನ್ ವೇಗದಲ್ಲಿ ಕೆಳಗಿಳಿಯುತ್ತದೆ. ಎಂದರೆ 100 ಮೈಕ್ರಾನ್ ಕಾಲುವೆಯ ತಳ ಮುಟ್ಟಲು ಒಂದು ನಿಮಿಷ ಬೇಕು. ಕೆಳಗೆ ಹೇಳುವ ವಿನ್ಯಾಸದಲ್ಲಿ 50 ಮಿಲಿಆಂಪಿಯರ್ ಕರೆಂಟ್ ಮತ್ತು 5 ಮಿಲಿಟೆಸ್ಲಾ ಹಿನ್ನೆಲೆ ಕ್ಷೇತ್ರ ಇದ್ದರೆ ಮಣಿಯ ಮೇಲೆ ಬೀಳುವ ಗರಿಷ್ಠ ಬಲ ಸುಮಾರು 3ರಿಂದ 4 ಪಿಕೋನ್ಯೂಟನ್. ಅದು ಮಣಿಯ ತೂಕದ ಎಪ್ಪತ್ತು, ಎಂಬತ್ತು ಪಟ್ಟು. ಬಯಲು ನೀರಿನಲ್ಲಿ 1 ಪಿಕೋನ್ಯೂಟನ್ ಬಲ ಈ ಮಣಿಯನ್ನು ಸೆಕೆಂಡಿಗೆ 38 ಮೈಕ್ರಾನ್ ವೇಗದಲ್ಲಿ ತಳ್ಳಬಲ್ಲದು. ಆದರೆ ತಳಕ್ಕೆ ತಾಗಿಕೊಂಡಿರುವಾಗ ನೀರಿನ ಎಳೆತ ಮೂರು ಪಟ್ಟಿನಷ್ಟು ಹೆಚ್ಚುವುದರಿಂದ 12ರಿಂದ 13 ಮೈಕ್ರಾನ್ ಎಂದು ಇಟ್ಟುಕೊಳ್ಳಿ.

ನೆನಪಿಡಬೇಕಾದ ಮಾತು ಒಂದೇ. ಮಣಿಯನ್ನು ಪಕ್ಕಕ್ಕೆ ಎಳೆಯುವ ಬಲದಷ್ಟೇ ದೊಡ್ಡ ಬಲ ಅದನ್ನು ಕೆಳಕ್ಕೂ ಒತ್ತುತ್ತದೆ. ಮೇಲ್ಮೈ ಕೆಟ್ಟಿದ್ದರೆ ಆ ಒತ್ತಡವೇ ಅಂಟಾಗುತ್ತದೆ.

## ಹಂತ 1: ನಕ್ಷೆ ಬರೆಯುವುದು

ಎರಡು ತಂತಿಗಳನ್ನು ಎ ಮತ್ತು ಬಿ ಎಂದು ಕರೆಯೋಣ. ಗದ್ದೆ ಉಳುವ ಎತ್ತು ಸಾಲಿನ ಕೊನೆಗೆ ಹೋಗಿ ತಿರುಗಿ ಬರುವಂತೆ ಪ್ರತಿ ತಂತಿಯೂ ಹೋಗಿ ಬರುತ್ತದೆ. ಸಾಲಿನ ಉದ್ದ 500 ಮೈಕ್ರಾನ್, ಸಾಲುಗಳು 20. ಒಂದು ಸಾಲಿನ ನಡುವಿನಿಂದ ಪಕ್ಕದ ಸಾಲಿನ ನಡುವಿಗೆ 30 ಮೈಕ್ರಾನ್. ಅಕ್ಕಪಕ್ಕದ ಸಾಲುಗಳಲ್ಲಿ ಕರೆಂಟ್ ವಿರುದ್ಧ ದಿಕ್ಕಿಗೆ ಹರಿಯುವುದರಿಂದ ಕ್ಷೇತ್ರದ ಪೂರ್ಣ ಆವರ್ತ 60 ಮೈಕ್ರಾನ್. ಬಿ ತಂತಿಯನ್ನು ಇನ್ನೊಂದು ಪದರದಲ್ಲಿ, ಎ ತಂತಿಗಿಂತ ಸರಿಯಾಗಿ 15 ಮೈಕ್ರಾನ್ ಪಕ್ಕಕ್ಕೆ ಸರಿಸಿ ಬರೆಯಿರಿ. ಈ 15, ಎಂದರೆ ಆವರ್ತದ ಕಾಲು ಭಾಗವೇ, ಮಣಿಯ ಒಂದು ಹೆಜ್ಜೆ.

ಈಗ ತಂತಿಯ ಅಗಲ. 5 ಅಥವಾ 10 ಮೈಕ್ರಾನಿನ ತೆಳು ತಂತಿ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ತಂತಿ ತೆಳುವಾದಷ್ಟೂ ಕ್ಷೇತ್ರ ಹೆಚ್ಚು ಎಂಬ ಪಾಠ ತಲೆಯಲ್ಲಿರುತ್ತದೆ. ಇಲ್ಲಿ ಆ ಪಾಠ ಕೈಕೊಡುತ್ತದೆ. ತೆಳು ತಂತಿಯ ಕ್ಷೇತ್ರ ನಯವಾದ ಅಲೆಯಂತೆ ಇರುವುದಿಲ್ಲ, ತಂತಿಯ ಅಂಚುಗಳ ಬಳಿ ಮೊನೆ ಮೊನೆಯಾಗಿ ಎದ್ದಿರುತ್ತದೆ. ಮಣಿ ಬಂದು ಕೂರುವ ಗುಂಡಿ, ಎಂದರೆ ಹಳ್ಳ, ಒಂದರ ಬದಲು ಅಂಚಿಗೊಂದರಂತೆ ಎರಡು ಸಿಗುತ್ತವೆ. ಎ ತಂತಿಯ ಬಲ ಅಂಚಿನ ಗುಂಡಿ ಮತ್ತು ಬಿ ತಂತಿಯ ಎಡ ಅಂಚಿನ ಗುಂಡಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬೀಳುತ್ತವೆ. ಸರದಿ ಬದಲಾದರೂ ಮಣಿ ಅಲ್ಲೇ ಕೂರುತ್ತದೆ, ಮುಂದಿನ ಸರದಿಯಲ್ಲಿ ಹಿಂದಕ್ಕೆ ಜಾರುತ್ತದೆ.

ಪರಿಹಾರ ಸುಲಭ. ತಂತಿಯ ಅಗಲವನ್ನು ಆವರ್ತದ ಮೂರನೇ ಒಂದು ಭಾಗ ಮಾಡಿ: 60ಕ್ಕೆ 20 ಮೈಕ್ರಾನ್. ಆ ಅನುಪಾತದಲ್ಲಿ ಕ್ಷೇತ್ರದ ಮೂರನೆಯ ಹಾರ್ಮೋನಿಕ್, ಎಂದರೆ ಮೂಲ ಅಲೆಯ ಮೂರನೇ ಒಂದು ಭಾಗ ಉದ್ದದ ಕಿರು ಅಲೆ, ಪೂರ್ತಿ ಅಳಿದುಹೋಗಿ ಅಲೆ ನಯವಾಗುತ್ತದೆ. ಫೂರಿಯೆ ಶ್ರೇಣಿಯನ್ನು ಪರೀಕ್ಷೆಗೆಂದು ಓದಿ ಮರೆತವರು ಇಲ್ಲಿ ಒಮ್ಮೆ ನೆನಪಿಸಿಕೊಳ್ಳಬಹುದು. ಎ ಮತ್ತು ಬಿ ತಂತಿಗಳು ಮೇಲಿನಿಂದ ನೋಡಿದಾಗ 5 ಮೈಕ್ರಾನ್‌ನಷ್ಟು ಒಂದರ ಮೇಲೊಂದು ಬರುತ್ತವೆ. ಬೇರೆ ಬೇರೆ ಪದರದಲ್ಲಿ ಇರುವುದರಿಂದ ಚಿಂತೆಯಿಲ್ಲ.

## ಹಂತ 2: ಚಿಪ್ ಮಾಡಿಸುವುದು

ಚಿಪ್ ಮಾಡಲು ಬೇಕಾದ ಧೂಳಿಲ್ಲದ ಸ್ವಚ್ಛ ಕೊಠಡಿ ಇಲ್ಲದ ಕಾಲೇಜಿನವರು ಇಲ್ಲಿಯೇ ಕೈಚೆಲ್ಲಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಸೌಲಭ್ಯಗಳನ್ನು ಹೊರಗಿನ ಸಂಶೋಧಕರಿಗೆ ತೆರೆಯಲೆಂದೇ ಭಾರತೀಯ ನ್ಯಾನೋ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ ಇದೆ. ಅರ್ಜಿಯ ಜೊತೆ ನಕ್ಷೆಯನ್ನೂ ಪದರಗಳ ಕ್ರಮವನ್ನೂ ಸ್ಪಷ್ಟವಾಗಿ ಬರೆದು ಕೊಡಿ.

ಪದರಗಳ ಕ್ರಮ ಕೆಳಗಿನಿಂದ ಮೇಲಕ್ಕೆ ಹೀಗೆ: ಆಕ್ಸೈಡ್ ಇರುವ ಸಿಲಿಕಾನ್, ಅಂಟಿಗೆ 10ರಿಂದ 20 ನ್ಯಾನೋಮೀಟರ್ ಟೈಟಾನಿಯಂ ಅಥವಾ ಕ್ರೋಮಿಯಂ, ಅರ್ಧ ಮೈಕ್ರಾನ್ ಚಿನ್ನದ ಎ ತಂತಿ, 2 ಮೈಕ್ರಾನ್ ಪಾಲಿಇಮೈಡ್ ಎಂಬ ನಿರೋಧಕ ಪ್ಲಾಸ್ಟಿಕ್, ಮತ್ತೆ ಅಂಟು ಮತ್ತು ಚಿನ್ನದ ಬಿ ತಂತಿ, ಎಲ್ಲದರ ಮೇಲೆ ಅರ್ಧ ಮೈಕ್ರಾನ್ ಸಿಲಿಕಾನ್ ನೈಟ್ರೈಡ್.

ಗಾಜಿನ ಬದಲು ಸಿಲಿಕಾನ್ ಏಕೆ? ಶಾಖಕ್ಕಾಗಿ. ಸಿಲಿಕಾನ್ ಗಾಜಿಗಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಇನ್ನು ಚಿನ್ನದ ಬದಲು ಅಲ್ಯೂಮಿನಿಯಂ ಹಾಕಿ ದುಡ್ಡು ಉಳಿಸಬಹುದೇ ಎಂದು ಕೇಳುವವರಿದ್ದಾರೆ. ಉಳಿಸಬಹುದು. ಆದರೆ ನಿರೋಧಕ ಪದರದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಉಪ್ಪಿನ ದ್ರಾವಣ ಅಲ್ಯೂಮಿನಿಯಂ ತಂತಿಯನ್ನು ತಿಂದುಹಾಕುತ್ತದೆ.

ಪದರವನ್ನು ಬೇಕೆಂದಷ್ಟು ದಪ್ಪ ಮಾಡಬೇಡಿ. ಈ ಆವರ್ತದಲ್ಲಿ ಮಣಿ ತಂತಿಯಿಂದ ಒಂದು ಮೈಕ್ರಾನ್ ದೂರವಾದರೆ ಬಲದ ಹತ್ತನೇ ಒಂದು ಭಾಗ ಹೋಗುತ್ತದೆ. ಕೆಳಗಿನ ಎ ತಂತಿ ಎರಡೂವರೆ ಮೈಕ್ರಾನ್ ಹೆಚ್ಚು ಆಳದಲ್ಲಿ ಇರುವುದರಿಂದ ಅದರ ಎಳೆತ ಬಿ ತಂತಿಗಿಂತ ಕಾಲು ಭಾಗದಷ್ಟು ಕಡಿಮೆ. ಇದನ್ನು ಮುಂದೆ ಕರೆಂಟ್‌ನಲ್ಲಿ ಸರಿದೂಗಿಸುತ್ತೇವೆ.

## ಹಂತ 3: ನೀರು ತಾಗಿಸುವ ಮುನ್ನ ಒಣ ಪರೀಕ್ಷೆ

ಮೊದಲು ಮಲ್ಟಿಮೀಟರ್. ಪ್ರತಿ ತಂತಿಯ ರೋಧ 25ರಿಂದ 30 ಓಮ್ ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಎಲ್ಲೋ ತಂತಿ ಸವೆದಿದೆ. ಮುಖ್ಯವಾಗಿ ಮೆಟ್ಟಿಲು ಹತ್ತುವ ಜಾಗಗಳಲ್ಲಿ, ಬಿ ತಂತಿ ಎ ತಂತಿಯನ್ನು ದಾಟುವಲ್ಲಿ ನೋಡಿ. ಎ ಮತ್ತು ಬಿ ನಡುವೆ ಮೆಗಾಓಮ್‌ಗಳಲ್ಲಿ ರೋಧ ಇರಬೇಕು. ಕಿಲೋಓಮ್ ತೋರಿಸಿದರೆ ಆ ಚಿಪ್ ಅನ್ನು ಪಕ್ಕಕ್ಕಿಡಿ. ಅದನ್ನು ಸರಿಪಡಿಸಲು ಹೋಗಿ ನಾನು ಕಳೆದ ದಿನಗಳನ್ನು ನೀವೂ ಕಳೆಯಬೇಡಿ.

ಎರಡನೆಯದು ತೂತಿನ ಪರೀಕ್ಷೆ. ಚಿಪ್ ಮೇಲೆ ಒಂದು ಹನಿ ಉಪ್ಪುನೀರು ಬಿಡಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಹನಿಯಲ್ಲಿ ಅದ್ದಿ, ಇನ್ನೊಂದನ್ನು ತಂತಿಯ ಪ್ಯಾಡ್‌ಗೆ ತಾಗಿಸಿ. ಇಲ್ಲಿಯೂ ಮೆಗಾಓಮ್ ಬರಬೇಕು. ಬರದಿದ್ದರೆ ನೈಟ್ರೈಡ್‌ನಲ್ಲಿ ತೂತಿದೆ. ತಂತಿಯ ಎರಡು ತುದಿಗಳ ನಡುವೆ ಸುಮಾರು ಒಂದೂವರೆ ವೋಲ್ಟ್ ಇರುತ್ತದೆ, ನೀರು ಒಡೆಯಲು 1.23 ವೋಲ್ಟ್‌ಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ತೂತಿನ ಜಾಗದಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಮಣಿಗಳನ್ನು ಹೊತ್ತೊಯ್ಯುತ್ತದೆ, ನೀವು ಅದನ್ನು ಕಾಂತದ ಚಲನೆ ಎಂದು ಬರೆದುಕೊಳ್ಳುತ್ತೀರಿ.

ಮೂರನೆಯದು ಶಾಖದ ಪರೀಕ್ಷೆ. ಇದಕ್ಕೆ ಬೇರೆ ಥರ್ಮಾಮೀಟರ್ ಬೇಡ, ತಂತಿಯೇ ಥರ್ಮಾಮೀಟರ್. ಚಿನ್ನದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 0.34ರಷ್ಟು ಏರುತ್ತದೆ. 5 ಮಿಲಿಆಂಪಿಯರ್‌ನಲ್ಲಿ 28 ಓಮ್ ಇದ್ದ ತಂತಿ 50 ಮಿಲಿಆಂಪಿಯರ್‌ನಲ್ಲಿ 29 ಓಮ್ ಆದರೆ ಅದು 10 ಡಿಗ್ರಿ ಬಿಸಿಯಾಗಿದೆ ಎಂದರ್ಥ. ಕರೆಂಟ್ ಹರಿಸಿ ಒಂದು ನಿಮಿಷ ಕಾದು ಅಳೆಯಿರಿ. ರೋಧ ಒಂದು ಮಟ್ಟಕ್ಕೆ ಬಂದು ನಿಂತರೆ ಸರಿ. ನಿಲ್ಲದೆ ಏರುತ್ತಲೇ ಹೋದರೆ ಕೂಡಲೇ ಕರೆಂಟ್ ತೆಗೆಯಿರಿ.

## ಹಂತ 4: ಡ್ರೈವರ್ ಅನ್ನು ಚಿಪ್ ಇಲ್ಲದೆ ಪರೀಕ್ಷಿಸುವುದು

ಸರದಿ ಹೀಗಿರಬೇಕು: ಎ ಧನ, ಬಿ ಧನ, ಎ ಋಣ, ಬಿ ಋಣ, ಮತ್ತೆ ಮೊದಲಿನಿಂದ (ಧನ, ಋಣ ಎಂದರೆ ಕರೆಂಟಿನ ಎರಡು ದಿಕ್ಕುಗಳು). ಒಂದು ತಂತಿಯಲ್ಲಿ ಕರೆಂಟ್ ಇರುವಾಗ ಇನ್ನೊಂದರಲ್ಲಿ ಸೊನ್ನೆ.

ಚಿಪ್ ಜಾಗದಲ್ಲಿ ಪ್ರತಿ ಚಾನೆಲ್‌ಗೆ ತಕ್ಕ ರೋಧಕದ ಜೊತೆ, ಒಂದಕ್ಕೊಂದು ಹಿಮ್ಮುಖವಾಗಿ ಜೋಡಿಸಿದ ಒಂದು ಕೆಂಪು, ಒಂದು ಹಸಿರು ಎಲ್‌ಇಡಿ ಹಾಕಿ. ಎ ಕೆಂಪು, ಬಿ ಕೆಂಪು, ಎ ಹಸಿರು, ಬಿ ಹಸಿರು ಎಂದು ದೀಪಗಳು ಸುತ್ತು ಬರಬೇಕು. ಈ ಪರೀಕ್ಷೆಯನ್ನು ನೋಡಿ ನಗುವವರಿದ್ದಾರೆ. ಮೂರು ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತ ಮೇಲೆ ಪ್ರೋಗ್ರಾಮಿನಲ್ಲಿ ಒಂದು ಋಣ ಚಿಹ್ನೆ ಬಿಟ್ಟುಹೋಗಿತ್ತು ಎಂದು ತಿಳಿದರೆ ಅವರೂ ನಗುವುದಿಲ್ಲ.

ಆಮೇಲೆ ಎಲ್‌ಇಡಿ ತೆಗೆದು ಸರಣಿ ರೋಧಕ ಹಾಕಿ. 9 ವೋಲ್ಟ್ ಪೂರೈಕೆಗೆ 150 ಓಮ್, 1 ವ್ಯಾಟ್ ರೋಧಕ ಹಾಕಿದರೆ ಚಿಪ್‌ನ ರೋಧವೂ ಸೇರಿ ಕರೆಂಟ್ ಸುಮಾರು 50 ಮಿಲಿಆಂಪಿಯರ್‌ಗೆ ನಿಲ್ಲುತ್ತದೆ. ಎ ತಂತಿ ಆಳದಲ್ಲಿದೆಯಲ್ಲ, ಆದ್ದರಿಂದ 50 ಮಿಲಿಆಂಪಿಯರ್ ಅದಕ್ಕೆ ಕೊಟ್ಟು ಬಿ ತಂತಿಯನ್ನು 38ರಿಂದ 40ಕ್ಕೆ ಇಳಿಸಿ. ಬಿ ಸಾಲಿಗೆ 200 ಓಮ್ ಹಾಕಿದರೆ ಅಲ್ಲಿಗೆ ಬರುತ್ತದೆ. ಎರಡೂ ಹೆಜ್ಜೆಗಳ ಬಲ ಸಮವಾಗುತ್ತದೆ.

ಎಚ್ಚರಿಕೆ: ಪವರ್ ಸಪ್ಲೈ ಆನ್ ಮಾಡಿಟ್ಟು ಆಮೇಲೆ ಚಿಪ್ ಜೋಡಿಸಬೇಡಿ. ಕರೆಂಟ್ ಮಿತಿ ಹಾಕಿದ್ದರೂ ಸಪ್ಲೈನ ಹೊರತುದಿಯ ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ತು ಒಮ್ಮೆಲೇ ಚಿಪ್‌ಗೆ ನುಗ್ಗುತ್ತದೆ. ಮೊದಲು ಜೋಡಿಸಿ, ಸೊನ್ನೆಯಿಂದ ಏರಿಸಿ.

## ಹಂತ 5: ಮೇಲ್ಮೈಯನ್ನು ನುಣುಪಾಗಿಸುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಜನ ಅತಿ ಬೇಗ ಮುಗಿಸುವ ಹಂತವೂ ಇದೇ.

ಮಣಿ ಮತ್ತು ತಳದ ನಡುವೆ ಕೆಲವು ನ್ಯಾನೋಮೀಟರ್ ಅಂತರ ಉಳಿದರೆ ಮಾತ್ರ ಮಣಿ ಓಡಾಡುತ್ತದೆ. ಆ ಅಂತರವನ್ನು ಕಾಯುವುದು ಎರಡು ಸಂಗತಿಗಳು: ಒಂದೇ ಬಗೆಯ ವಿದ್ಯುದಂಶಗಳ ನಡುವಿನ ವಿಕರ್ಷಣೆ, ಮತ್ತು ಮೇಲ್ಮೈಗೆ ಹತ್ತಿಕೊಂಡ ಅಣುಗಳ ಮೆತ್ತೆ. ಉಪ್ಪಿನಂಶ ಹೆಚ್ಚಿರುವ ದ್ರಾವಣದಲ್ಲಿ ಮೊದಲನೆಯದು ಸತ್ತುಹೋಗುತ್ತದೆ. ಅದಕ್ಕೇ ಫಾಸ್ಫೇಟ್ ಉಪ್ಪುದ್ರಾವಣದಲ್ಲಿ ನೇರ ಶುರು ಮಾಡಿದವರ ಮಣಿಗಳು ಐದೇ ನಿಮಿಷದಲ್ಲಿ ತಳ ಕಚ್ಚುತ್ತವೆ. ಮೊದಲ ಪ್ರಯೋಗವನ್ನು ಅಯಾನು ತೆಗೆದ ನೀರಿನಲ್ಲಿಯೇ ಮಾಡಿ, ಶೇ 0.1ರಷ್ಟು ಟ್ವೀನ್-20 ಸೇರಿಸಿ. ಅದು ಚೆನ್ನಾಗಿ ನಡೆದ ಮೇಲೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಿ.

ಕ್ರಮ: ಚಿಪ್ ಅನ್ನು ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್, ನೀರು ಎಂಬ ಕ್ರಮದಲ್ಲಿ ತೊಳೆಯಿರಿ. ಒಂದು ನಿಮಿಷ ಆಮ್ಲಜನಕ ಪ್ಲಾಸ್ಮಾ ಕೊಡಿ, ನೀರು ಹರಡಿಕೊಳ್ಳುವಂತಾಗುತ್ತದೆ. ಕಾಲುವೆಯನ್ನು ಕೂರಿಸಿ. ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಅಚ್ಚು ಇಲ್ಲದಿದ್ದರೆ ಎರಡೂ ಬದಿ ಅಂಟಿರುವ ಟೇಪನ್ನು ಕತ್ತರಿಸಿ ಮೇಲೆ ಕವರ್‌ಸ್ಲಿಪ್ ಇಟ್ಟರೂ ಸಾಕು. ಶೇ 1ರ ಬಿಎಸ್‌ಎ ದ್ರಾವಣ ತುಂಬಿ 30 ನಿಮಿಷ ಬಿಡಿ. ಮೂವತ್ತು ಎಂದರೆ ಮೂವತ್ತು, ಚಹಾ ಕುಡಿದು ಬನ್ನಿ. ಆಮೇಲೆ ಟ್ವೀನ್ ನೀರಿನಿಂದ ತೊಳೆಯಿರಿ. ಇಲ್ಲಿಂದ ಮುಂದೆ ಕಾಲುವೆ ಒಂದು ಕ್ಷಣವೂ ಒಣಗಬಾರದು.

ಮಣಿಯ ಮೇಲ್ಮೈಯನ್ನೂ ಗಮನಿಸಿ. ಕಾರ್ಬಾಕ್ಸಿಲ್ ಮಣಿಗಳಲ್ಲಿ ಋಣ ವಿದ್ಯುದಂಶವಿರುತ್ತದೆ, ಪ್ಲಾಸ್ಮಾ ಕೊಟ್ಟ ನೈಟ್ರೈಡ್ ಮೇಲ್ಮೈಯಲ್ಲೂ ಋಣವೇ, ಆದ್ದರಿಂದ ಪರಸ್ಪರ ದೂರ ತಳ್ಳುತ್ತವೆ. ಅಮೈನ್ ಮಣಿಗಳು ಧನ. ಕಲಿಯುವ ಹಂತದಲ್ಲಿ ಅವುಗಳ ಸಹವಾಸ ಬೇಡ.

## ಹಂತ 6: ಮಣಿಗಳನ್ನು ತೊಳೆದು ತೆಳು ಮಾಡುವುದು

ಬಾಟಲಿಯನ್ನು ಚೆನ್ನಾಗಿ ಕಲಕಿ. ಮಣಿಗಳು ತಳದಲ್ಲಿ ಕೂತಿರುತ್ತವೆ, ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಂಡು ಮಣಿಯೇ ಇಲ್ಲ ಎಂದು ಗಾಬರಿಯಾದವರನ್ನು ಕಂಡಿದ್ದೇನೆ. ಕಾಂತದ ಸ್ಟ್ಯಾಂಡಿನಲ್ಲಿಟ್ಟು ಮಣಿಗಳು ಗೋಡೆಗೆ ಸೇರಿದ ಮೇಲೆ ದ್ರಾವಣ ಹೀರಿ ತೆಗೆದು, ಟ್ವೀನ್ ನೀರು ಹಾಕಿ ಕಲಕಿ. ಹೀಗೆ ಮೂರು ಸಲ. ಸ್ಟಾಕ್‌ನಲ್ಲಿ ಸಂರಕ್ಷಕವಾಗಿ ಸೋಡಿಯಂ ಅಜೈಡ್ ಇರುವುದುಂಟು, ಅದು ವಿಷ. ಕೈಗವಸು ಇರಲಿ.

ಸ್ಟಾಕ್‌ನಲ್ಲಿ ಪ್ರತಿ ಮಿಲಿಲೀಟರ್‌ಗೆ 10 ಮಿಲಿಗ್ರಾಂ, ಎಂದರೆ 60ರಿಂದ 70 ಕೋಟಿ ಮಣಿಗಳಿರುತ್ತವೆ. ಒಂದು ಮೈಕ್ರೋಲೀಟರನ್ನು ಒಂದು ಮಿಲಿಲೀಟರ್‌ಗೆ ಬೆರೆಸಿದರೆ 100 ಮೈಕ್ರಾನ್ ಎತ್ತರದ ಕಾಲುವೆಯಲ್ಲಿ ಪ್ರತಿ ಚದರ ಮಿಲಿಮೀಟರ್‌ಗೆ ಸುಮಾರು 65 ಮಣಿ ಬರುತ್ತವೆ. ನಿಮ್ಮ ಪಟ್ಟಿಯ ಮೇಲೆ ಬೀಳುವುದು ಇಪ್ಪತ್ತು. ಅಷ್ಟು ಸಾಕು. ಹೆಚ್ಚು ಮಣಿ ಹಾಕಿದರೆ ಒಂದಾದರೂ ನಡೆಯಬಹುದು ಎಂಬ ಲೆಕ್ಕಾಚಾರ ತಪ್ಪು. ಗುಂಪು ಕಟ್ಟಿದ ಮಣಿಗಳು ಒಂದನ್ನೊಂದು ನಡೆಯಗೊಡುವುದಿಲ್ಲ. ತುಂಬುವ ಮುನ್ನ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಒಂದು ನಿಮಿಷ ಇಟ್ಟರೆ ಸಣ್ಣ ಗುಂಪುಗಳು ಬಿಡಿಸಿಕೊಳ್ಳುತ್ತವೆ.

## ಹಂತ 7: ತುಂಬಿ, ಕಾದು, ನಡುಕ ನೋಡುವುದು

ಮಣಿ ತುಂಬಿ ಎರಡು ನಿಮಿಷ ಸುಮ್ಮನಿರಿ. ಕರೆಂಟ್ ಇಲ್ಲ, ಸುರುಳಿಯೂ ಇಲ್ಲ. ಈಗ 20 ಪಟ್ಟಿನ ಮಸೂರದಲ್ಲಿ ಒಂದೊಂದೇ ಮಣಿಯನ್ನು ನೋಡಿ. ಸ್ವತಂತ್ರವಾಗಿರುವ ಮಣಿ ನಡುಗುತ್ತಿರುತ್ತದೆ. ನೀರಿನ ಅಣುಗಳ ಹೊಡೆತಕ್ಕೆ ಬಯಲಲ್ಲಿ ಒಂದು ಸೆಕೆಂಡಿನಲ್ಲಿ ಅರ್ಧ ಮೈಕ್ರಾನಿನಷ್ಟು ಅತ್ತಿತ್ತ ಸರಿಯುತ್ತದೆ, ತಳದ ಬಳಿ ಸ್ವಲ್ಪ ಕಡಿಮೆ. ಹತ್ತು ಸೆಕೆಂಡು ವಿಡಿಯೊ ಮಾಡಿ ವೇಗವಾಗಿ ಓಡಿಸಿದರೆ ಸ್ಪಷ್ಟ ಕಾಣುತ್ತದೆ.

ನಡುಗದ ಮಣಿ ಅಂಟಿದ ಮಣಿ. ಹತ್ತರಲ್ಲಿ ಎಂಟು ನಡುಗುತ್ತಿದ್ದರೆ ಮುಂದಕ್ಕೆ ಹೋಗಿ. ಅರ್ಧಕ್ಕರ್ಧ ಸ್ತಬ್ಧವಾಗಿದ್ದರೆ ಹಂತ 5ಕ್ಕೆ ಹಿಂತಿರುಗಿ. ಇದರಲ್ಲಿ ರಾಜಿ ಬೇಡ.

ಇನ್ನೊಂದು ಸಂಗತಿಯನ್ನೂ ಈಗಲೇ ನೋಡಿಕೊಳ್ಳಿ. ಎಲ್ಲ ಮಣಿಗಳೂ ಒಂದೇ ದಿಕ್ಕಿಗೆ ಮೆಲ್ಲಗೆ ತೇಲುತ್ತಿವೆಯೇ? ಹಾಗಿದ್ದರೆ ನೀರೇ ಹರಿಯುತ್ತಿದೆ. ಚಿಪ್ ವಾಲಿರಬಹುದು, ಅಥವಾ ಕಾಲುವೆಯ ಬಾಯಿಯಲ್ಲಿ ನೀರು ಆವಿಯಾಗಿ ಒಳಗಿನದನ್ನು ಎಳೆಯುತ್ತಿರಬಹುದು. ಎರಡೂ ಬಾಯಿಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಮುಚ್ಚಿ.

## ಹಂತ 8: ಹಿನ್ನೆಲೆ ಕ್ಷೇತ್ರ ಕೊಡುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ತಂತಿಯೇ ಕ್ಷೇತ್ರ ಕೊಡುತ್ತದೆ, ಹೊರಗಿನದು ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಹೊರಗಿನ ಕ್ಷೇತ್ರ ಇಲ್ಲದಿದ್ದರೆ ಮಣಿಯನ್ನು ಕಾಂತವಾಗಿಸುವುದೂ ತಂತಿಯೇ, ಎಳೆಯುವುದೂ ತಂತಿಯೇ. ಆಗ ಬಲ ಕ್ಷೇತ್ರದ ವರ್ಗವನ್ನು ಅವಲಂಬಿಸುತ್ತದೆ, ಧನ ಋಣ ಎಂಬ ಭೇದ ಅಳಿಸಿಹೋಗುತ್ತದೆ. ಮಣಿಗೆ ಎ ಧನವೂ ಎ ಋಣವೂ ಒಂದೇ. ತೆಳು ತಂತಿಯ ಚಿಪ್‌ನಲ್ಲಿ ಮಣಿ ಎ ತಂತಿಯ ಮೇಲೆ ಕೂತಿರುವಾಗ ಬಿ ತಂತಿಗೆ ಕರೆಂಟ್ ಕೊಟ್ಟರೆ ಎರಡು ಬಿ ಸಾಲುಗಳು ಎಡಕ್ಕೂ ಬಲಕ್ಕೂ ಸಮದೂರದಲ್ಲಿರುತ್ತವೆ. ಮಣಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಕುಡಿದವನಂತೆ ಓಲಾಡುತ್ತದೆ. ನಾವು ಬರೆದ ಅಗಲ ತಂತಿಯ ಚಿಪ್‌ನಲ್ಲಂತೂ ಅಲೆ ನಯವಾಗಿರುವುದರಿಂದ ಕ್ಷೇತ್ರದ ಒಟ್ಟು ಗಾತ್ರ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ದಿಕ್ಕು ಮಾತ್ರ ತಿರುಗುತ್ತಿರುತ್ತದೆ. ಪಕ್ಕಕ್ಕೆ ಎಳೆಯುವ ಬಲವೇ ಇರುವುದಿಲ್ಲ, ಕೆಳಕ್ಕೆ ಒತ್ತುವ ಬಲ ಮಾತ್ರ ಉಳಿಯುತ್ತದೆ. ಇಂಥ ಹೊತ್ತಿನಲ್ಲಿ ಕರೆಂಟ್ ಇಮ್ಮಡಿಸಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಾಯದ ಮೇಲೆ ಬರೆ ಎಳೆದಂತೆ.

ಚಿಪ್‌ಗೆ ಲಂಬವಾಗಿ 5 ಮಿಲಿಟೆಸ್ಲಾ ಏಕರೂಪದ ಕ್ಷೇತ್ರ ಕೊಟ್ಟರೆ ಮಣಿಯ ಕಾಂತತ್ವದ ದಿಕ್ಕು ನಿಶ್ಚಿತವಾಗುತ್ತದೆ. ತಂತಿಯ ಕ್ಷೇತ್ರ 1ರಿಂದ 1.5 ಮಿಲಿಟೆಸ್ಲಾ ಮಾತ್ರ, ಹಿನ್ನೆಲೆಯದು ಅದಕ್ಕಿಂತ ಮೂರು ನಾಲ್ಕು ಪಟ್ಟು ದೊಡ್ಡದು. ಈಗ ಎರಡೂ ಒಂದೇ ದಿಕ್ಕಿಗಿರುವ ಜಾಗಕ್ಕೆ ಮಣಿ ಹೋಗುತ್ತದೆ, ವಿರುದ್ಧವಾಗಿರುವ ಜಾಗದಿಂದ ದೂರ ಸರಿಯುತ್ತದೆ. ಎ ಧನ ಮತ್ತು ಎ ಋಣ ಬೇರೆ ಬೇರೆ ನಿಲ್ದಾಣಗಳಾಗುತ್ತವೆ.

ಸುರುಳಿ ಸುತ್ತುವುದಾದರೆ: 40 ಮಿಲಿಮೀಟರ್ ತ್ರಿಜ್ಯ, ತಲಾ 200 ಸುತ್ತು, ಎರಡರ ನಡುವೆ 40 ಮಿಲಿಮೀಟರ್ ಅಂತರ, 1.1 ಆಂಪಿಯರ್. ನಡುವೆ 5 ಮಿಲಿಟೆಸ್ಲಾ ಸಿಗುತ್ತದೆ. ಹಾಲ್ ಪ್ರೋಬ್‌ನಿಂದ ಚಿಪ್ ಇರುವ ಜಾಗದಲ್ಲಿಯೇ, ಸೂಕ್ಷ್ಮದರ್ಶಕದ ಮಸೂರವನ್ನೂ ಅದರ ಸ್ಥಾನಕ್ಕೆ ಇಳಿಸಿ ಅಳೆಯಿರಿ. ಮಸೂರದ ಕೊಳವೆಯಲ್ಲಿ ಉಕ್ಕಿನ ಭಾಗವಿದ್ದರೆ ಕ್ಷೇತ್ರ ಸೊಟ್ಟಗಾಗುತ್ತದೆ.

ನಿಯೋಡೈಮಿಯಂ ಕಾಂತವೊಂದನ್ನು ಚಿಪ್ ಕೆಳಗೆ ಅಂಟಿಸಿ ಕೆಲಸ ಮುಗಿಸುವ ಯೋಚನೆ ಬಿಡಿ. ಅಷ್ಟು ಹತ್ತಿರದಲ್ಲಿ ದೂರಕ್ಕೆ ತಕ್ಕಂತೆ ಅದರ ಕ್ಷೇತ್ರ ಕಡಿದಾಗಿ ಇಳಿಯುವ ಇಳಿಜಾರು ತಂತಿಯ ಕ್ಷೇತ್ರವನ್ನು ನುಂಗಿಹಾಕುತ್ತದೆ, ಎಲ್ಲ ಮಣಿಗಳೂ ಮೊಳೆ ಹೊಡೆದಂತೆ ತಳಕ್ಕೆ ಬೀಳುತ್ತವೆ. ಸುರುಳಿ ಇಲ್ಲವೇ ಇಲ್ಲ ಎಂದಾದರೆ ಒಂದು ಅಗಲವಾದ ಫೆರೈಟ್ ಕಾಂತವನ್ನು ಕೆಳಗೆ, ಹಾಲ್ ಪ್ರೋಬ್ 5 ಮಿಲಿಟೆಸ್ಲಾ ತೋರಿಸುವಷ್ಟು ದೂರದಲ್ಲಿ, ಚಿಪ್‌ನ ನಡುವಿಗೆ ನೇರವಾಗಿ ಇಡಿ.

ಲಂಬ ಕ್ಷೇತ್ರದ ಇನ್ನೊಂದು ಲಾಭ: ಅಕ್ಕಪಕ್ಕದ ಮಣಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಸಾಲು ಕಟ್ಟುವುದಿಲ್ಲ. ಆದರೆ ಒಂದರ ತಲೆಯ ಮೇಲೆ ಇನ್ನೊಂದು ನಿಲ್ಲಬಹುದು. ಉಳಿದವುಗಳಿಗಿಂತ ಕಪ್ಪಗೆ, ಫೋಕಸ್‌ಗೆ ಸಿಗದಂತೆ ಕಾಣುವ ಮಣಿ ಇದ್ದರೆ ಅದು ಜೋಡಿ ಎಂದು ತಿಳಿಯಿರಿ, ಅದರ ವೇಗ ಅಳೆಯಬೇಡಿ.

## ಹಂತ 9: ಮೊದಲ ಹೆಜ್ಜೆ, ಆಮೇಲೆ ವೇಗ

ಹಿನ್ನೆಲೆ ಕ್ಷೇತ್ರ ಹಾಕಿ. ಎ ಧನ ಮಾತ್ರ ಕೊಟ್ಟು ಸರದಿ ನಿಲ್ಲಿಸಿ. 10 ಮಿಲಿಆಂಪಿಯರ್‌ನಿಂದ ಶುರು ಮಾಡಿ ಹತ್ತು ಹತ್ತರಂತೆ ಏರಿಸಿ. ಮಣಿಗಳು 60 ಮೈಕ್ರಾನ್ ಅಂತರದ ಸಾಲುಗಳಲ್ಲಿ ಬಂದು ನಿಲ್ಲಬೇಕು. ಅವು ನಿಲ್ಲುವುದು ಕರೆಂಟ್ ಇರುವ ಎ ತಂತಿಯ ಮೇಲಲ್ಲ, ಎರಡು ಎ ಸಾಲುಗಳ ನಡುವೆ. ಮಣಿ ತಪ್ಪು ಜಾಗದಲ್ಲಿ ನಿಂತಿದೆ ಎಂದು ಗಾಬರಿಯಾಗಿ ಎಲ್ಲವನ್ನೂ ಬಿಚ್ಚಬೇಡಿ, ಅದೇ ಸರಿಯಾದ ಜಾಗ.

ಈಗ ಎ ಋಣ ಕೊಡಿ. ಅವು 30 ಮೈಕ್ರಾನ್ ಪಕ್ಕದ ಸಾಲಿಗೆ ಹೋಗುತ್ತವೆ, ಕೆಲವು ಎಡಕ್ಕೆ, ಕೆಲವು ಬಲಕ್ಕೆ. ಹೀಗಾದರೆ ಹಿನ್ನೆಲೆ ಕ್ಷೇತ್ರ ಕೆಲಸ ಮಾಡುತ್ತಿದೆ. ಆಮೇಲೆ ನಾಲ್ಕು ಹೆಜ್ಜೆಯ ಪೂರ್ಣ ಸರದಿಯನ್ನು ಹೆಜ್ಜೆಗೆ 2 ಸೆಕೆಂಡಿನಂತೆ ಬಿಡಿ. ಪ್ರತಿ ಸುತ್ತಿಗೆ ಮಣಿ 60 ಮೈಕ್ರಾನ್ ನಡೆಯಬೇಕು, ಹತ್ತು ಸುತ್ತಿಗೆ ಪಟ್ಟಿಯ ಕೊನೆ.

ವೇಗ ಬೇಕೆಂದರೆ ಹೆಜ್ಜೆಯ ಅವಧಿಯನ್ನು 1 ಸೆಕೆಂಡಿಗೆ ಇಳಿಸಿ, ಆಮೇಲೆ 0.7ಕ್ಕೆ. ಲೆಕ್ಕದ ಪ್ರಕಾರ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಕೆಲವು ಮಣಿಗಳು ಹಿಂದೆ ಬೀಳತೊಡಗುತ್ತವೆ. ಗಡಿ ದಾಟಿದ ಮಣಿ ಇದ್ದಲ್ಲಿಯೇ ಚಡಪಡಿಸುತ್ತದೆ. ಕರೆಂಟ್ ಏರಿಸಲು ಸಮಯ ಬಂದಿರುವುದು ಈಗ, ಅದೂ ಹಂತ 3ರ ಶಾಖದ ಪರೀಕ್ಷೆಯನ್ನು ಪ್ರತಿ ಸಲ ಮಾಡುತ್ತ. ಅದಕ್ಕಿಂತ ಒಳ್ಳೆಯ ದಾರಿ ಹಿನ್ನೆಲೆ ಕ್ಷೇತ್ರವನ್ನು 5ರಿಂದ 8 ಮಿಲಿಟೆಸ್ಲಾಗೆ ಏರಿಸುವುದು. ಬಲ ಅದೇ ಅನುಪಾತದಲ್ಲಿ ಹೆಚ್ಚುತ್ತದೆ, ಚಿಪ್ ಒಂದು ಡಿಗ್ರಿಯೂ ಬಿಸಿಯಾಗುವುದಿಲ್ಲ.

## ಮಣಿ ಮಾತು ಕೇಳದಿದ್ದಾಗ

ಮಣಿ ಎರಡು ಜಾಗಗಳ ನಡುವೆ ಹೋಗಿ ಬಂದು ಮಾಡುತ್ತಿದ್ದರೆ ಒಂದು ಚಾನೆಲ್ ಋಣಕ್ಕೆ ತಿರುಗುತ್ತಿಲ್ಲ. ಎಲ್‌ಇಡಿ ಪರೀಕ್ಷೆಗೆ ಹಿಂತಿರುಗಿ.

ಹಿಮ್ಮುಖವಾಗಿ ನಡೆದರೆ ಬಿ ತಂತಿಯ ಎರಡು ತುದಿಗಳು ಅದಲುಬದಲಾಗಿವೆ, ಬದಲಿಸಿದರೆ ಆಯಿತು. ದಿಕ್ಕು ಸರಿಪಡಿಸಲು ಸುರುಳಿಯ ಕರೆಂಟ್ ತಿರುಗಿಸಿ ಪ್ರಯೋಜನವಿಲ್ಲ. ನಿಲ್ದಾಣಗಳೆಲ್ಲ ಅರ್ಧ ಆವರ್ತ ಸರಿಯುತ್ತವೆಯೇ ಹೊರತು ನಡೆಯುವ ದಿಕ್ಕು ಬದಲಾಗುವುದಿಲ್ಲ.

ಎ ಹೆಜ್ಜೆಯಲ್ಲಿ ತಡವರಿಸಿ ಬಿ ಹೆಜ್ಜೆಯಲ್ಲಿ ಸಲೀಸಾಗಿ ನಡೆದರೆ ಕರೆಂಟ್‌ಗಳು ಸರಿದೂಗಿಲ್ಲ. ಬಿ ತಂತಿಯದನ್ನು ಇನ್ನೂ ಸ್ವಲ್ಪ ಇಳಿಸಿ, ಎ ತಂತಿಯದನ್ನು ಏರಿಸಬೇಡಿ.

ಮೊದಲ ಕಾಲು ಗಂಟೆ ಚೆನ್ನಾಗಿ ನಡೆದು ಆಮೇಲೆ ಒಂದೊಂದಾಗಿ ನಿಲ್ಲತೊಡಗಿದರೆ ಮೇಲ್ಮೈಯ ಬಿಎಸ್‌ಎ ಮೆತ್ತೆ ಸವೆಯುತ್ತಿದೆ ಅಥವಾ ಒಂದೇ ಜಾಗದಲ್ಲಿ ಮಣಿಯನ್ನು ಬಹಳ ಹೊತ್ತು ಹಿಡಿದಿಟ್ಟಿದ್ದೀರಿ. ಕೆಲಸವಿಲ್ಲದಾಗ ಕರೆಂಟ್ ತೆಗೆದುಬಿಡಿ, ಮಣಿ ಸ್ವಲ್ಪ ಹೊತ್ತು ನಡುಗಲಿ.

ಎಲ್ಲ ಕ್ಷೇತ್ರಗಳನ್ನು ತೆಗೆದ ಮೇಲೂ ಮಣಿಗಳು ಸರಪಳಿಯಾಗಿಯೇ ಉಳಿದರೆ ಅವು ಒಂದಕ್ಕೊಂದು ಅಂಟಿವೆ. ಬಾಟಲಿ ಎಂದೋ ಒಣಗಿರಬೇಕು, ಇಲ್ಲವೇ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿರಬೇಕು. ಹೊಸ ಮಣಿ ತನ್ನಿ.

ಫೋಕಸ್ ತಾನಾಗಿಯೇ ಜಾರುತ್ತಿದ್ದರೆ, ಅಥವಾ ತಂತಿಯಿಂದ ದೂರದ ಮಣಿಗಳೂ ಸುಳಿಯಂತೆ ತಿರುಗುತ್ತಿದ್ದರೆ ಚಿಪ್ ಬಿಸಿಯಾಗಿದೆ, ನೀರು ಒಳಗೇ ಹರಿದಾಡುತ್ತಿದೆ. ಕರೆಂಟ್ ತೆಗೆದು ಐದು ನಿಮಿಷ ಬಿಟ್ಟು, ಅರ್ಧ ಕರೆಂಟ್‌ನಲ್ಲಿ ಮತ್ತೆ ಶುರು ಮಾಡಿ.

ದಿನದ ಕೆಲಸ ಮುಗಿದಾಗ ಮೊದಲು ತಂತಿಯ ಕರೆಂಟ್, ಆಮೇಲೆ ಸುರುಳಿಯದು ತೆಗೆಯಿರಿ. ನಂತರ ಟ್ವೀನ್ ನೀರು ಹರಿಸಿ ಮಣಿಗಳನ್ನು ಹೊರಗೆ ಕಳಿಸಿ, ಕೊನೆಯಲ್ಲಿ ಬರಿಯ ನೀರು ಹರಿಸಿ. ಮಣಿ ಒಳಗಿರುವಾಗಲೇ ಕಾಲುವೆ ಒಣಗಿದರೆ ಆ ಚಿಪ್ ಮತ್ತೆ ಪ್ಲಾಸ್ಮಾಕ್ಕೆ ಹೋಗಬೇಕಾಗುತ್ತದೆ, ಅಷ್ಟಾದರೂ ಕೆಲವು ಮಣಿಗಳು ಬಿಡುವುದಿಲ್ಲ.